ಹತ್ತು ಪೌಂಡಿನ ಮನೆ

ಇಂಗ್ಲೆಂಡಿನ ಆಲ್‌ಫ್ರಿಸ್ಟನ್ ಊರಿನ ಬೀದಿಯಲ್ಲಿ ಎದುರಾಗುವವರಲ್ಲಿ ಅರ್ಧ ಜನರ ಬೆನ್ನ ಮೇಲೆ ಚೀಲ, ಬೂಟಿನ ತುಂಬ ಕೆಸರು. ವಿಂಚೆಸ್ಟರಿನಿಂದ ಈಸ್ಟ್‌ಬೋರ್ನಿನವರೆಗೆ ಸುಮಾರು 160 ಕಿಲೋಮೀಟರ್ ಹರಡಿರುವ ಸೌತ್ ಡೌನ್ಸ್ ಕಾಲುದಾರಿ, ಕಕ್‌ಮಿಯರ್ ಹೊಳೆ ದಾಟಲೆಂದು ಗುಡ್ಡ ಬಿಟ್ಟು ಇಳಿಯುವುದು ಇಲ್ಲಿ. ನಡೆದು ಬಂದವರು ಚಹಾ ಕುಡಿದು, ಕೇಕು ತಿಂದು, ಸೆವೆನ್ ಸಿಸ್ಟರ್ಸ್ ಎಂಬ ಬಿಳಿ ಕಡಲಬಂಡೆಗಳ ಕಡೆಗೆ ಹೊರಟುಬಿಡುತ್ತಾರೆ. ನನಗೆ ಕಡಲು ಬೇಕಿರಲಿಲ್ಲ. ನಾನು ಬಂದದ್ದು 1896ರಲ್ಲಿ ಬರೀ 10 ಪೌಂಡಿಗೆ ಮಾರಾಟವಾದ ಒಂದು ಮನೆಯನ್ನು ನೋಡಲು.

ಬೆರಿಕ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ಇಳಿದು ದಕ್ಷಿಣಕ್ಕೆ ನಡೆದರೆ ಒಂದು ತಾಸಿನ ಹಾದಿ. ನಾನು ನೇರವಾಗಿ ಊರೊಳಗೆ ನುಗ್ಗದೆ ಹೊಳೆಯ ಆಚೆ ದಡ ಹಿಡಿದು ಬಂದೆ. ಹಾಗೆ ಬರುವುದೇ ಒಳ್ಳೆಯದು. ಹೊಳೆಗೆ ಅಡ್ಡಲಾಗಿ ಬಿಳಿ ಬಣ್ಣದ ಕಾಲುಸೇತುವೆ. ಅದರ ಮೇಲೆ ನಿಂತರೆ ಎದುರಿಗೆ ಒಂದು ದಿಬ್ಬ, ದಿಬ್ಬದ ಮೇಲೆ ಸೇಂಟ್ ಆಂಡ್ರ್ಯೂ ಚರ್ಚು. ಹಳ್ಳಿ ಚಿಕ್ಕದು, ಚರ್ಚು ದೊಡ್ಡದು. ಅದಕ್ಕೇ ಇದನ್ನು ‘ಸೌತ್ ಡೌನ್ಸ್‌ನ ಕೆಥೆಡ್ರಲ್’ ಎಂದು ಕರೆಯುತ್ತಾರೆ. ಬೂದುಬಣ್ಣದ ಚಕಮಕಿ ಕಲ್ಲನ್ನು ಒಡೆದು ನುಣುಪಾದ ಮುಖ ಹೊರಗೆ ಬರುವಂತೆ ಕೂರಿಸಿ ಕಟ್ಟಿದ ಗೋಡೆಗಳು. 1370ರ ಆಸುಪಾಸಿನಲ್ಲಿ, ಶಿಲುಬೆಯ ಆಕಾರದಲ್ಲಿ ಕಟ್ಟಿದ್ದು. ಆ ಆಕಾರಕ್ಕೂ ಊರಿನವರ ಬಳಿ ಒಂದು ಕಥೆಯಿದೆ. ಮೊದಲು ಬೇರೊಂದು ಜಾಗದಲ್ಲಿ ಪಾಯ ಹಾಕಿದರಂತೆ. ಹಗಲು ಇಟ್ಟ ಕಲ್ಲುಗಳು ರಾತ್ರಿ ಬೆಳಗಾಗುವುದರೊಳಗೆ ಹಾರಿಬಂದು ಈ ಬಯಲಿನಲ್ಲಿ ಬೀಳುತ್ತಿದ್ದವಂತೆ. ಏನು ಮಾಡುವುದೆಂದು ತಿಳಿಯದೆ ಕೂತಿದ್ದಾಗ ನಾಲ್ಕು ಬಿಳಿ ಎತ್ತುಗಳು ಹಿಂಭಾಗಕ್ಕೆ ಹಿಂಭಾಗ ತಾಗಿಸಿ ಶಿಲುಬೆಯಂತೆ ಮಲಗಿದ್ದು ಕಂಡಿತಂತೆ. ಎತ್ತುಗಳು ನಕ್ಷೆ ಕೊಟ್ಟವು, ಜನ ಕಟ್ಟಿದರು.

ಮನೆಯನ್ನು ಮಾತ್ರ ಸೇತುವೆಯಿಂದ ಹುಡುಕಬೇಕು. ಚರ್ಚಿನ ಪಕ್ಕದಲ್ಲೇ ಇದೆ, ಆದರೆ ತಗ್ಗಿನಲ್ಲಿ. ಮೊದಲು ಕಾಣುವುದು ಗೋಡೆಯಲ್ಲ, ಛಾವಣಿ. ದಪ್ಪನೆಯ ಹುಲ್ಲಿನ ಮಾಡು ನಾಲ್ಕೂ ಕಡೆಯಿಂದ ಇಳಿದು ಬಂದು, ಅದರ ಅಂಚಿನ ಕೆಳಗೆ ಒಂದಿಷ್ಟೇ ಬಿಳಿಗೋಡೆ, ಒಂದಿಷ್ಟೇ ಓಕ್ ಮರ ಇಣುಕುತ್ತವೆ. ಪಾದ್ರಿಯೊಬ್ಬನ ನಿವಾಸವೆಂದರೆ ಕಲ್ಲಿನ ಮೆಟ್ಟಿಲು, ಕಮಾನು, ಒಂದಿಷ್ಟು ಠೀವಿ ಇದ್ದೀತು ಎಂದುಕೊಂಡು ಬಂದವರಿಗೆ ಇದು ರೈತನ ಮನೆಯಂತೆ ಕಾಣುತ್ತದೆ. ಕಂಡದ್ದು ಸರಿಯೇ. ‘ಕ್ಲರ್ಜಿ ಹೌಸ್’ ಎಂಬ ಹೆಸರು ಆಮೇಲೆ ಅಂಟಿದ್ದು. 14ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವನು ಅನುಕೂಲಸ್ಥ ರೈತನೇ ಇರಬೇಕೆಂದು ಈಗಿನ ವಿದ್ವಾಂಸರ ಅಂದಾಜು. ಆ ಶತಮಾನದ ಕೊನೆಗೆ ಊರಿನ ಚರ್ಚಿನ ಹಕ್ಕು ಹತ್ತಿರದ ಮಿಚೆಲಮ್ ಮಠಕ್ಕೆ ಸೇರಿತು. ಮುಂದೆ ಮನೆಯೂ ಚರ್ಚಿನ ಸ್ವತ್ತಾಯಿತು, ಪಾದ್ರಿಗಳು ಬಂದು ಹೋದರು.

ಗೇಟಿನ ಬಳಿಯೇ ಬಹಳ ಹೊತ್ತು ನಿಂತೆ. ಈ ಬಗೆಯ ಮನೆಯ ಸ್ವಾರಸ್ಯವೆಲ್ಲ ಅದರ ಮುಖದಲ್ಲಿದೆ. ಎಡಕ್ಕೂ ಬಲಕ್ಕೂ ಎರಡೆರಡು ಅಂತಸ್ತು. ಅಲ್ಲಿ ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಒಂದೆರಡು ಅಡಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ನಡುವಿನ ಭಾಗ ಮಾತ್ರ ಚಾಚುವುದಿಲ್ಲ, ಹಿಂದೆಯೇ ನಿಲ್ಲುತ್ತದೆ. ಯಾಕೆಂದರೆ ಅಲ್ಲಿ ಮಹಡಿಯೇ ಇಲ್ಲ! ನೆಲದಿಂದ ಮಾಡಿನ ತನಕ ಒಂದೇ ಬಯಲು, ಅದೇ ಹಾಲ್. ಮಹಡಿಯ ಅಡ್ಡತೊಲೆಗಳಿದ್ದರೆ ತಾನೆ ಅವುಗಳ ತುದಿಯನ್ನು ಹೊರಗೆ ಚಾಚಿ ಅದರ ಮೇಲೆ ಗೋಡೆ ನಿಲ್ಲಿಸುವುದು? ಮುಖ ಹೀಗೆ ಮುಂದೆ ಹಿಂದೆ ಆದರೂ ಮಾಡು ಮಾತ್ರ ಒಂದೇ. ಅದರ ಸೂರು ಒಂದು ತುದಿಯಿಂದ ಇನ್ನೊಂದು ತುದಿಗೆ ನೆಟ್ಟಗೆ ಹೋಗಬೇಕು. ಹಾಗಾಗಿ ನಡುವಿನಲ್ಲಿ ಸೂರಿನ ತೊಲೆ ಗೋಡೆಯ ಆಸರೆಯಿಲ್ಲದೆ ಗಾಳಿಯಲ್ಲಿ ಹಾದುಹೋಗುತ್ತದೆ. ಅಕ್ಕಪಕ್ಕದಿಂದ ಬಾಗಿದ ಮರದ ಆನಿಕೆಗಳು ಎದ್ದು ಬಂದು ಅದನ್ನು ಹೊರುತ್ತವೆ. ಈ ಆನಿಕೆಗಳಿಗೆ ಬೇಕಾದ ಬಾಗನ್ನು ಬಡಗಿ ಉಳಿಯಿಂದ ತಂದವನಲ್ಲ. ಕಾಡಿನಲ್ಲಿ ಹಾಗೆಯೇ ಬಾಗಿ ಬೆಳೆದ ಕೊಂಬೆಯನ್ನು ಹುಡುಕಿ ಕಡಿದು ತಂದದ್ದು. ಮರದ ನಾರು ಬಾಗಿನ ಜೊತೆಗೇ ಹರಿದಿರುವುದರಿಂದ ಅದು ಸೀಳುವುದಿಲ್ಲ.

ಇಂಥ ಮನೆಗಳಿಗೆ ‘ವೀಲ್ಡನ್’ ಮನೆಗಳೆಂದು ಹೆಸರು. ಕೆಂಟ್ ಮತ್ತು ಸಸೆಕ್ಸ್ ನಡುವೆ ಹರಡಿದ್ದ ವೀಲ್ಡ್ ಎಂಬ ಓಕ್ ಕಾಡಿನ ಸೀಮೆ ಇವುಗಳ ತವರು. 14ನೇ ಶತಮಾನದ ನಡುಭಾಗದಿಂದ ಹೆಚ್ಚುಕಡಿಮೆ ಇನ್ನೂರು ವರ್ಷ ಇದೇ ನಮೂನೆ ನಡೆಯಿತು. ಕಾಲವನ್ನು ಗಮನಿಸಿ: 1348–49ರಲ್ಲಿ ಪ್ಲೇಗು ಬಂದು ಇಂಗ್ಲೆಂಡಿನ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಸತ್ತಿದ್ದರು. ಉಳಿದವರಿಗೆ ಜಮೀನು ಸಿಕ್ಕಿತು, ಕೂಲಿ ಏರಿತು, ಕೆಲವು ರೈತರ ಕೈಯಲ್ಲಿ ದುಡ್ಡು ಓಡಾಡಿತು. ಚರ್ಚಿನಂಥ ಚರ್ಚೂ, ಮನೆಯಂಥ ಮನೆಯೂ ಈ ಪುಟ್ಟ ಊರಿನಲ್ಲಿ ಎದ್ದದ್ದು ಆ ಸಾವಿನ ಮರುತಲೆಮಾರಿನಲ್ಲಿ. ಸೇತುವೆಯ ಮೇಲೆ ನಿಂತಾಗ ಎಷ್ಟು ಚೆಂದ ಎಂದಷ್ಟೇ ಅನ್ನಿಸಿತ್ತು. ಗೇಟಿನ ಬಳಿ ಈ ಲೆಕ್ಕ ನೆನಪಾದ ಮೇಲೆ ಹಾಗೆ ಸುಮ್ಮನೆ ನೋಡಲಾಗಲಿಲ್ಲ.

ಬಾಗಿಲು ತಗ್ಗು. ತಲೆ ತಗ್ಗಿಸಿ ಒಳಗೆ ಹೋಗಿ ನೆಟ್ಟಗೆ ನಿಂತೆ, ಕತ್ತು ತಾನಾಗಿಯೇ ಮೇಲೆ ಹೋಯಿತು. ಹೊರಗೆ ಅಷ್ಟು ಕುಗ್ಗಿ ಕೂತಂತಿದ್ದ ಮನೆಯೊಳಗೆ ಇಷ್ಟು ಎತ್ತರವನ್ನು ಎಲ್ಲಿ ಬಚ್ಚಿಟ್ಟಿದ್ದರು! ಹಾಲಿನ ನಡುವೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಭಾರಿ ತೊಲೆ. ತೊಲೆಯ ಮಧ್ಯದಲ್ಲಿ ಗಿಡ್ಡ ಕಂಬವೊಂದು ಎದ್ದು ನಿಂತು, ತಲೆಯ ಹತ್ತಿರ ನಾಲ್ಕೂ ಕಡೆಗೆ ಬಾಗಿದ ಕೈಗಳನ್ನು ಚಾಚಿ, ಮಾಡಿನ ಉದ್ದಕ್ಕೂ ಓಡುವ ಇನ್ನೊಂದು ತೊಲೆಯನ್ನು ಹಿಡಿದಿದೆ. ಅದರ ಮೇಲೆ ಅಡ್ಡಪಟ್ಟಿ, ಅಡ್ಡಪಟ್ಟಿಗೆ ಬಿಗಿದ ಜೋಡಿ ಜೋಡಿ ಜಂತೆಗಳು. ಇದಕ್ಕೆ ಕ್ರೌನ್ ಪೋಸ್ಟ್ ಎನ್ನುತ್ತಾರೆ. ಕಿರೀಟ ಯಾರಿಗೋ ಗೊತ್ತಿಲ್ಲ, ದುಡಿಮೆಯಂತೂ ಈ ಗಿಡ್ಡ ಕಂಬದ್ದೇ. ಇಡೀ ಸಾಲಿನ ಜಂತೆಗಳು ಗಾಳಿಗೆ ಒಂದೇ ಕಡೆ ವಾಲಿ ಬೀಳದಂತೆ ಹಿಡಿದಿರುವುದು ಅದು.

ಜಂತೆಗಳು ಮಸಿ ಹಿಡಿದು ಕಪ್ಪಾಗಿದ್ದವು. ಕಟ್ಟಿದಾಗ ಈ ಮನೆಗೆ ಚಿಮಣಿ ಇರಲಿಲ್ಲ. ಈಗ ಕಾಣುವ ಇಟ್ಟಿಗೆ ಚಿಮಣಿ ಮುಂದಿನ ಕಾಲದವರು ಸೇರಿಸಿದ್ದು. ಮೊದಲು ಹಾಲಿನ ನೆಲದ ನಡುವೆಯೇ ಬೆಂಕಿ ಉರಿಯುತ್ತಿತ್ತು. ಹೊಗೆ ತನಗೆ ತೋಚಿದಂತೆ ಮೇಲೇರಿ, ಜಂತೆಗಳ ನಡುವೆ ಸುಳಿದಾಡಿ, ಮಾಡಿನ ಸಂದುಗೊಂದುಗಳಿಂದ ಹೊರಗೆ ಹೋಗುತ್ತಿತ್ತು. ಮಲೆನಾಡಿನ ಅಡುಗೆಮನೆಯ ಅಟ್ಟವನ್ನು ಕಂಡವರಿಗೆ ಈ ಕಪ್ಪನ್ನು ವಿವರಿಸಬೇಕಿಲ್ಲ. ಹೊಗೆ ಕುಡಿದ ಮರಕ್ಕೆ ಹುಳ ಹತ್ತುವುದು ಕಷ್ಟವೆಂಬುದನ್ನೂ. ಕಟ್ಟಡದ ಇತಿಹಾಸ ಬರೆಯುವವರಿಗೆ ಈ ಮಸಿಯೇ ದಾಖಲೆ. ಯಾವುದಾದರೂ ಹಳೆಯ ಮನೆಯ ಅಟ್ಟ ಹತ್ತಿ, ಜಂತೆಗಳಿಗೆ ಮಸಿ ಹಿಡಿದಿದ್ದರೆ, ಕೆಳಗೆ ಈಗ ಎಷ್ಟೇ ಕೋಣೆಗಳಿರಲಿ, ಒಂದು ಕಾಲಕ್ಕೆ ಅದು ಬಯಲು ಹಾಲ್ ಆಗಿತ್ತೆಂದು ಅವರು ಹೇಳಿಬಿಡುತ್ತಾರೆ.

ಹಾಲಿನಲ್ಲಿ ಸ್ವಯಂಸೇವಕಿಯೊಬ್ಬರು ಕುರ್ಚಿ ಹಾಕಿ ಕೂತಿದ್ದರು. ವಯಸ್ಸಾದವರು, ಕೈಯಲ್ಲಿ ಹೆಣಿಗೆ. ನಾನು ಮೇಲೆ ನೋಡುತ್ತಲೇ ಇದ್ದದ್ದನ್ನು ಕಂಡು, “ಎಲ್ಲರೂ ಮೇಲೆಯೇ ನೋಡುತ್ತಾರೆ. ನೀವು ನಿಂತಿರುವುದು ಯಾವುದರ ಮೇಲೆ ಅಂತ ನೋಡಿದಿರಾ?” ಎಂದರು.

ನೋಡಿದೆ. ಮಾಸಲು ಬಿಳಿಯ ನೆಲ. ಕಲ್ಲಿನಂತಿದೆ, ಆದರೆ ಎಲ್ಲೂ ಕೂಡು ಇಲ್ಲ.

“ಚಾಕ್ ಮತ್ತು ಹುಳಿ ಹಾಲು,” ಎಂದರು ಅವರು.

ತಮಾಷೆಯಲ್ಲ. ಸೌತ್ ಡೌನ್ಸ್ ಎಂಬ ಈ ಗುಡ್ಡಗಳೆಲ್ಲ ಚಾಕ್ ಕಲ್ಲಿನವೇ. ಅದೇ ಕಲ್ಲನ್ನು ಅಗೆದು ತಂದು, ಪುಡಿಮಾಡಿ, ನೆಲಕ್ಕೆ ಹಾಕಿ ಚೆನ್ನಾಗಿ ದಮ್ಮಸು ಮಾಡಿ, ಮೇಲೆ ಹುಳಿ ಹಾಲು ಸುರಿದು ಗಟ್ಟಿಮಾಡುವುದು ಸಸೆಕ್ಸಿನ ಹಳೆಯ ಪದ್ಧತಿ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಸುಣ್ಣದಂಶದ ಜೊತೆ ಸೇರಿದರೆ ಗೋಂದಿನಂತೆ ಹಿಡಿಯುತ್ತದೆ, ಧೂಳು ಏಳುವುದಿಲ್ಲ. ಗೋಡೆಯೂ ಅಷ್ಟೆ, ಕಾಲ್ನಡಿಗೆಯ ದೂರದಿಂದ ಬಂದದ್ದು. ಓಕ್ ಚೌಕಟ್ಟಿನ ನಡುವೆ ಕಡ್ಡಿಗಳ ತಡಿಕೆ ಹೆಣೆದು, ಜೇಡಿಮಣ್ಣು, ಸಗಣಿ, ಹುಲ್ಲು ಕಲಸಿ ಎರಡೂ ಕಡೆ ಮೆತ್ತಿ, ಸುಣ್ಣ ಬಳಿದದ್ದು. ಕಾಡಿನ ಮರ, ಹೊಲದ ಹುಲ್ಲು, ಹೊಳೆಯ ಮಣ್ಣು, ಹಟ್ಟಿಯ ಸಗಣಿ, ಕರಾವಿನ ಹಾಲು. ಕಬ್ಬಿಣ ಎಲ್ಲಿ ಎಂದು ಹುಡುಕಿದೆ. ಚೌಕಟ್ಟಿನಲ್ಲಿ ಕಬ್ಬಿಣಕ್ಕೆ ಕೆಲಸವೇ ಇಲ್ಲ.

ಈ ಚೌಕಟ್ಟಿನ ವಿಷಯದಲ್ಲಿ ಒಂದಿಷ್ಟು ಹೊತ್ತು ನಿಲ್ಲಬೇಕು. ಮರ ಕಡಿದ ಮೇಲೆ ವರ್ಷಗಟ್ಟಲೆ ಒಣಗಿಸಿ ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದು ನಾವು ಕೇಳಿದ ಬಡಗಿಗಳ ಮಾತು. ಓಕ್ ಚೌಕಟ್ಟಿನ ಬಡಗಿಗಳು ಅದನ್ನು ತಿರುಗಿಸಿ ಹಾಕಿದ್ದರು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಹಾಗಾಗಿ ಹಸಿಯಾಗಿರುವಾಗಲೇ ಬಾಚಿಯಿಂದ ಕೆತ್ತಿ, ಒಂದು ಮರದ ತುದಿಯನ್ನು ಸಣ್ಣಗೆ ಮಾಡಿ ಇನ್ನೊಂದರಲ್ಲಿ ಕೊರೆದ ಕಿಂಡಿಗೆ ತೂರಿಸುತ್ತಿದ್ದರು. ಎರಡರಲ್ಲೂ ಗೂಟಕ್ಕೆಂದು ತೂತು ಕೊರೆಯುವಾಗ ಬೇಕೆಂದೇ ಕೂದಲೆಳೆಯಷ್ಟು ಆಚೀಚೆ ಮಾಡುತ್ತಿದ್ದರು. ಓಕ್ ಗೂಟವನ್ನು ಹೊಡೆದಾಗ ಅದು ಬಾಗಿಕೊಂಡು ಒಳಗೆ ಹೋಗಿ, ಎರಡೂ ಮರಗಳನ್ನು ಎಳೆದು ಬಿಗಿಯುತ್ತದೆ. ಆಮೇಲೆ ಮನೆ ನಿಂತ ಮೇಲೆ ಮರ ಒಣಗುತ್ತ ಹೋಗುತ್ತದೆ. ಕುಗ್ಗುತ್ತದೆ, ತಿರುಚುತ್ತದೆ, ಬಿರುಕು ಬಿಡುತ್ತದೆ. ಹೊಸದಾಗಿ ನೋಡಿದವರಿಗೆ ಮನೆ ಬೀಳುತ್ತಿದೆ ಎನ್ನಿಸುವ ಈ ಡೊಂಕುಗಳೆಲ್ಲ ಹಾಗೆ ಬಂದವು. ಆದರೆ ಮರ ತಿರುಚಿದಷ್ಟೂ ಕೂಡು ಇನ್ನಷ್ಟು ಬಿಗಿಯಾಗುತ್ತದೆ. ಮುಂದೆ ತನ್ನ ಕೆಲಸ ಹೇಗೆ ಡೊಂಕಾಗುತ್ತದೆ ಎಂಬುದನ್ನು ಮೊದಲೇ ಎಣಿಸಿ, ಆ ಡೊಂಕನ್ನೇ ಕೆಲಸಕ್ಕೆ ಹಚ್ಚಿದ ಬಡಗಿಯ ಹೆಸರು ಎಲ್ಲೂ ಇಲ್ಲ. ಪಕ್ಕದ ಚರ್ಚಿನಲ್ಲಿ ಕಾಸು ಕೊಟ್ಟವರ ಹೆಸರುಗಳ ಫಲಕಗಳನ್ನು ನೋಡಿ ಬಂದವನಿಗೆ ಇದು ಸ್ವಲ್ಪ ಕುಟುಕಿತು.

ಇಂಥ ಹಾಲಿಗೆ ಮೇಲು ತುದಿ, ಕೆಳ ತುದಿ ಎಂದಿರುತ್ತದೆ. ಕೆಳ ತುದಿಯಲ್ಲಿ ಎದುರುಬದುರು ಎರಡು ಬಾಗಿಲು, ನಡುವೆ ಓಣಿಯಂಥ ಹಾದಿ. ಅದರಾಚೆ ಒಂದು ಕಡೆ ಪಾನೀಯದ ಉಗ್ರಾಣ, ಇನ್ನೊಂದು ಕಡೆ ರೊಟ್ಟಿ-ದಿನಸಿಯ ಉಗ್ರಾಣ. ಮೇಲು ತುದಿಯಲ್ಲಿ ಯಜಮಾನನ ಮೇಜು, ಬೆನ್ನಿಗೆ ಗೋಡೆ. ಆ ಗೋಡೆಯಾಚೆಗೆ ಅವನ ಖಾಸಗಿ ಕೋಣೆ, ಅದರ ಮೇಲೆ ಮಲಗುವ ಕೋಣೆ. ಆಳುಗಳು, ಮಕ್ಕಳು, ನೆಂಟರು ಎಲ್ಲರೂ ಒಂದೇ ಬೆಂಕಿಯ ಸುತ್ತ ಇರುತ್ತಿದ್ದರು ನಿಜ; ಆದರೆ ಯಾರು ಎಲ್ಲಿ ಕೂರಬೇಕು, ಯಾರ ಬೆನ್ನಿಗೆ ಬಾಗಿಲ ಗಾಳಿ ಬಡಿಯಬೇಕು ಎಂಬುದನ್ನು ಬಡಗಿ ಕಂಬ ನಿಲ್ಲಿಸುವಾಗಲೇ ತೀರ್ಮಾನಿಸಿದ್ದ. ಗಾಳಿ ಎಂದೆ, ಆಗಿನ ಇಂಥ ಮನೆಗಳ ಕಿಟಕಿಗಳಿಗೆ ಗಾಜಿಲ್ಲ, ನೆಟ್ಟಗೆ ನಿಲ್ಲಿಸಿದ ಮರದ ಸರಳುಗಳು, ಒಳಗೆ ಹಲಗೆಯ ಕದ ಅಷ್ಟೆ. ಜನವರಿಯಲ್ಲಿ ಬೆಳಕು ಬೇಕೆಂದರೆ ಚಳಿಯನ್ನೂ ಕರೆಯಬೇಕು.

ಒಂದು ಮೂಲೆಯ ತೊಲೆಯನ್ನು ತೋರಿಸಲು ಅವರು ಹೆಣಿಗೆ ಬದಿಗಿಟ್ಟು ಎದ್ದುಬಂದರು. ಅಲ್ಲಿ ಓಕ್ ಎಲೆಯ ಒಂದು ಪುಟ್ಟ ಕೆತ್ತನೆ. ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಲಾಂಛನ ಓಕ್ ಎಲೆಯೇ. 1930ರ ದಶಕದಲ್ಲಿ ಜೋಸೆಫ್ ಆರ್ಮಿಟೇಜ್ ಎಂಬ ಶಿಲ್ಪಿ ಅದನ್ನು ರೂಪಿಸಿದ. ಅದಕ್ಕೆ ಪ್ರೇರಣೆ ಈ ಎಲೆಯೇ ಇರಬಹುದು ಎಂಬ ನಂಬಿಕೆಯಿದೆ. ಇರಬಹುದು, ಇರಲಿಕ್ಕಿಲ್ಲ, ಇಂಗ್ಲೆಂಡಿನಲ್ಲಿ ಓಕ್ ಎಲೆಗೇನು ಬರವೇ? ಆದರೆ ಆ ಸಂಸ್ಥೆಗೂ ಈ ಮನೆಗೂ ಇರುವ ನಂಟಿಗೆ ಎಲೆಯ ಸಾಕ್ಷಿ ಬೇಕಾಗಿಲ್ಲ. ನ್ಯಾಷನಲ್ ಟ್ರಸ್ಟ್ ಕೊಂಡ ಮೊತ್ತಮೊದಲ ಕಟ್ಟಡ ಇದು.

19ನೇ ಶತಮಾನಕ್ಕೆ ಬರುವಷ್ಟರಲ್ಲಿ ಮನೆ ಎರಡು ಪಾಲಾಗಿ ಕೂಲಿಯವರ ಬಿಡಾರವಾಗಿತ್ತು. ಮಾಡು ಸೋರುತ್ತಿತ್ತು, ಗೋಡೆ ಕಳಚುತ್ತಿತ್ತು. ಕೆಡವಿಬಿಡೋಣ ಎಂಬ ಮಾತು ಚರ್ಚಿನ ಅಧಿಕಾರಿಗಳಲ್ಲೇ ಬಂತು. ಒಳಗಿದ್ದ ಮುದುಕಿಯೊಬ್ಬಳು ತನ್ನ ಕೊನೆಗಾಲ ಇಲ್ಲೇ ಕಳೆಯಲಿ ಬಿಡಿ ಎಂದು ಬೇಡಿಕೊಂಡದ್ದರಿಂದ ಗುದ್ದಲಿ ತಡೆಯಿತು ಎಂದು ಹೇಳುತ್ತಾರೆ. ಅವಳು ತೀರಿಕೊಂಡ ಮೇಲೆ ಊರಿನ ಪಾದ್ರಿ ಎಫ್. ಡಬ್ಲ್ಯು. ಬೇನನ್ ಈ ಮನೆಯ ಬೆನ್ನು ಹತ್ತಿದ. ವಿಲಿಯಂ ಮೋರಿಸ್ 1877ರಲ್ಲಿ ಕಟ್ಟಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘದ ಕದ ತಟ್ಟಿದ. ಸಂಘದ ಬಳಿ ವಿವೇಕವಿತ್ತು, ಹಣವಿರಲಿಲ್ಲ. ಕೊನೆಗೆ ಮಾತು ಆಕ್ಟೇವಿಯಾ ಹಿಲ್ ಕಿವಿಗೆ ಬಿತ್ತು.

ಈಕೆ ಲಂಡನ್ನಿನ ಬಡವರ ಕೊಳಕು ಗಲ್ಲಿಗಳಲ್ಲಿ, ಜಾನ್ ರಸ್ಕಿನ್ ಕೊಟ್ಟ ಹಣದಿಂದ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಕೊಟ್ಟು ನಡೆಸುತ್ತಿದ್ದ ಹೆಂಗಸು. ಸೋರುವ ಮಾಡು, ಕುಸಿಯುವ ಗೋಡೆ ಅವಳ ದಿನನಿತ್ಯದ ವ್ಯವಹಾರ. ರಾಬರ್ಟ್ ಹಂಟರ್ ಎಂಬ ವಕೀಲ, ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿ ಮತ್ತು ಅವಳು ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದ್ದರು. ಅದೇ ವರ್ಷ ವೇಲ್ಸ್‌ನ ಫ್ಯಾನಿ ಟಾಲ್ಬಟ್ ಎಂಬಾಕೆ ಕಡಲಿಗೆ ಮುಖಮಾಡಿದ ಡಿನಾಸ್ ಓಲೈ ಎಂಬ ನಾಲ್ಕೂವರೆ ಎಕರೆ ಗುಡ್ಡವನ್ನು ದಾನ ಕೊಟ್ಟಿದ್ದಳು. ಸಂಸ್ಥೆಯ ಕೈಯಲ್ಲಿ ಇದ್ದದ್ದು ಅಷ್ಟೇ, ಒಂದು ಗುಡ್ಡ. ಮರುವರ್ಷ ಈ ಮುರುಕಲು ಮನೆ. ಇವತ್ತು 50 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ, ಅರಮನೆಯಂಥ ಬಂಗಲೆಗಳನ್ನೂ ನೂರಾರು ಮೈಲಿ ಕಡಲತಡಿಯನ್ನೂ ಕಾಯುವ ಸಂಸ್ಥೆ ತನ್ನ ಮೊದಲ ಕಟ್ಟಡವನ್ನು ಆರಿಸಿಕೊಂಡಾಗ ಕೋಟೆಯ ಕಡೆಗೆ ನೋಡಲಿಲ್ಲ. ಕೈಯಲ್ಲಿ ಕಾಸಿಲ್ಲದ್ದೂ ಕಾರಣವೇ, ಸುಮ್ಮನೆ ಆದರ್ಶ ಎಂದುಬಿಡುವುದು ಬೇಡ.

ಕೊಳ್ಳಲು 10 ಪೌಂಡು. ರಿಪೇರಿಗೆ ಬೇಕಾದದ್ದು ಅದರ ಎಷ್ಟೋ ಪಟ್ಟು. ಅದಕ್ಕೆ ಜನರ ಬಳಿ ಚಂದಾ ಎತ್ತಬೇಕಾಯಿತು. ಕೆಲಸದ ಉಸ್ತುವಾರಿ ಆಲ್ಫ್ರೆಡ್ ಪೊವೆಲ್ ಎಂಬ ವಾಸ್ತುಶಿಲ್ಪಿಯದು. ಮೋರಿಸನ ಸಂಘದ ಪಂಥಕ್ಕೆ ಸೇರಿದವನು ಆತ. ಆ ಕಾಲದಲ್ಲಿ ಜೀರ್ಣೋದ್ಧಾರವೆಂದರೆ ಹಳೆಯದನ್ನೆಲ್ಲ ಕೆರೆದು ತೆಗೆದು, ಮಧ್ಯಯುಗ ಹೀಗಿರಬೇಕಿತ್ತು ಎಂಬ ತಮ್ಮ ಕನಸಿನಂತೆ ಹೊಸದು ಮಾಡುವುದು. ಮೋರಿಸ್ ಸಿಡಿದೆದ್ದದ್ದು ಆ ಕೆರೆತದ ವಿರುದ್ಧವೇ. ಸಂಘಕ್ಕೆ ‘ಆ್ಯಂಟಿ-ಸ್ಕ್ರೇಪ್’ ಎಂಬ ಅಡ್ಡಹೆಸರು ಬಂದದ್ದೂ ಅದಕ್ಕೇ. ಬೀಳುವುದಕ್ಕೆ ಆಸರೆ ಕೊಡು, ಸೋರುವುದನ್ನು ನಿಲ್ಲಿಸು, ಉಳಿದದ್ದಕ್ಕೆ ಕೈ ಹಚ್ಚಬೇಡ ಎಂಬುದು ಅವರ ನಿಲುವು. ಆ ನಿಲುವಿನವರ ಕೈಗೆ ಬಿದ್ದದ್ದರಿಂದಲೇ ಡೊಂಕು ಇನ್ನೂ ಡೊಂಕಾಗಿಯೇ ಇದೆ. ಇಂಗ್ಲೆಂಡಿನ ಚಿತ್ರದ ಅಂಚೆಕಾರ್ಡುಗಳಲ್ಲಿ ನೋಡಿ ನೋಡಿ ಮರದ ಮನೆಯೆಂದರೆ ಡಾಂಬರು ಬಳಿದ ಕಪ್ಪು ತೊಲೆ, ಹೊಳೆಯುವ ಬಿಳಿ ಗೋಡೆ ಎಂದುಕೊಂಡಿರುತ್ತೇವೆ. ಆ ಅಚ್ಚ ಕಪ್ಪು ಬಹುಪಾಲು ವಿಕ್ಟೋರಿಯಾ ಕಾಲದವರ ಶೋಕಿ. ಓಕನ್ನು ಅದರ ಪಾಡಿಗೆ ಬಿಟ್ಟರೆ ಮಳೆ-ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗುತ್ತದೆ.

ತೋಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆನ್ನಾಗಿದೆ, ಹೂವಿದೆ, ಹೊಳೆಯ ಕಡೆಗೆ ನೋಟವಿದೆ. 20ನೇ ಶತಮಾನದಲ್ಲಿ ಬಾಡಿಗೆಗಿದ್ದ ಸರ್ ರಾಬರ್ಟ್ ವಿಟ್ ಎಂಬ ಕಲಾಪ್ರೇಮಿ ಮಾಡಿಸಿದ್ದು. ಮನೆ ಕಟ್ಟಿದ ರೈತನಿಗೆ ಇಷ್ಟು ಹೂವಿನಿಂದ ಏನು ಉಪಯೋಗವೆಂದು ಅರ್ಥವಾಗುತ್ತಿರಲಿಲ್ಲ.

ಹೊರಡುವ ಮುಂಚೆ ಮತ್ತೆ ಹಾಲಿಗೆ ಹೋಗಿ, ಅಷ್ಟೂ ಹೊತ್ತು ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ. ನಡುಮನೆಯಲ್ಲಿ ಬೆಂಕಿ, ಚಿಮಣಿಯಿಲ್ಲ. ಜನ ಕೆಮ್ಮಿ ಸಾಯುತ್ತಿರಲಿಲ್ಲವೇ?

“ನನ್ನನ್ನು ಕೇಳಬೇಡಿ, ನಾವು ಇಲ್ಲಿ ಬೆಂಕಿ ಹಚ್ಚುವಂತಿಲ್ಲ,” ಎಂದು ನಕ್ಕರು. “ಸಿಂಗಲ್ಟನ್ನಿಗೆ ಹೋಗಿ. ಅಲ್ಲಿ ಹಚ್ಚುತ್ತಾರೆ.”

ಸಿಂಗಲ್ಟನ್ ಇರುವುದು ಪಶ್ಚಿಮ ಸಸೆಕ್ಸಿನಲ್ಲಿ. ವೀಲ್ಡ್ ಆ್ಯಂಡ್ ಡೌನ್‌ಲ್ಯಾಂಡ್ ಎಂಬ ಬಯಲು ವಸ್ತುಸಂಗ್ರಹಾಲಯ ಅಲ್ಲಿದೆ. ಕೆಂಟ್‌ನಲ್ಲಿ ಜಲಾಶಯ ಕಟ್ಟಿದಾಗ ಮುಳುಗಲಿದ್ದ ಬೇಲೀಫ್ ಎಂಬ 15ನೇ ಶತಮಾನದ ವೀಲ್ಡನ್ ಮನೆಯನ್ನು ಗೂಟ ಕಿತ್ತು, ಮರ ಮರವಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಇದೂ ಅದೇ ಜಾತಿಯ ಮನೆ, ಹುಲ್ಲಿನ ಬದಲು ಹೆಂಚು. ಹೋದೆ. ಹಾಲಿನ ನಡುವೆ ನಿಜವಾಗಿಯೂ ಸೌದೆ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತವನಿಗೆ ಕಣ್ಣುರಿ ಬಂತು. ಪಕ್ಕದಲ್ಲಿದ್ದ ಹಳೆಗಾಲದ ಉಡುಪಿನ ಹುಡುಗ ಒಂದು ಗಿಡ್ಡ ಸ್ಟೂಲು ತೋರಿಸಿ, ಕೂರಿ ಎಂದ. ಕೂತೆ. ಹೊಗೆ ತಲೆಯ ಮೇಲೆ ಒಂದು ಪದರವಾಗಿ ನಿಂತಿತ್ತು. ಅದರ ಕೆಳಗಿನ ಗಾಳಿ ತಿಳಿ. ಆ ಕಾಲದ ಕುರ್ಚಿ-ಮಣೆಗಳೆಲ್ಲ ಯಾಕಷ್ಟು ಗಿಡ್ಡ ಎಂದು ಕೇಳಿದೆ. ಹುಡುಗ ಮೇಲೆ ಹೊಗೆಯ ಕಡೆಗೆ ಬೆರಳು ತೋರಿಸಿ, ನಿಂತುಕೊಂಡೇ ಸೌದೆ ಸರಿಮಾಡುತ್ತ, ಕೆಮ್ಮಿದ.